ರೂಲ್‌ಬುಕ್ಕಿನಲ್ಲಿ ಆಲೂಗಡ್ಡೆ ಇಲ್ಲ

1987ರ ಆಗಸ್ಟ್ 31, ಅಮೆರಿಕದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಒಂದು ಮೈನರ್ ಲೀಗ್ ಬೇಸ್‌ಬಾಲ್ ಪಂದ್ಯ. ಎದುರಾಳಿ ರನ್ನರ್ ಮೂರನೇ ಬೇಸ್‌ನಲ್ಲಿದ್ದಾನೆ. ಕ್ಯಾಚರ್ ಡೇವ್ ಬ್ರೆಸ್ನಹಾನ್ (ನಮ್ಮ ವಿಕೆಟ್ ಕೀಪರ್ ಥರ ಅಂದ್ಕೊಳ್ಳಿ) ಮೂರನೇ ಬೇಸ್ ಕಡೆ ಬೀಸಿ ಎಸೆದ. ಎಸೆದದ್ದು ಫೀಲ್ಡರ್‌ನನ್ನು ದಾಟಿ ಹೋಯ್ತು. ಸಿಕ್ಕಿದ್ದೇ ಚಾನ್ಸು ಅಂತ ರನ್ನರ್ ಹೋಂ ಪ್ಲೇಟ್‌ಗೆ ಓಡಿಬಂದರೆ, ಬ್ರೆಸ್ನಹಾನ್ ಅಸಲಿ ಚೆಂಡು ಕೈಯಲ್ಲಿ ಹಿಡ್ಕೊಂಡು ಅಲ್ಲೇ ಕಾಯ್ತಿದ್ದ! ಆ ಕಡೆ ಹೋಗಿದ್ದು ಸಿಪ್ಪೆ ಸುಲಿದ ಆಲೂಗಡ್ಡೆ.

ಆಲೂಗಡ್ಡೆ ಎಸೀಬಾರದು ಅಂತ ಯಾವ ರೂಲ್‌ಬುಕ್ಕಿನಲ್ಲೂ ಬರೆದಿಲ್ಲ. ಅಂಪೈರ್ ಮಾತ್ರ ಔಟ್ ಕೊಡದೆ ರನ್ ಕೊಟ್ಟರು. ಇಂಥ ಹೊತ್ತಿಗಂತಲೇ ಬೇಸ್‌ಬಾಲ್ ನಿಯಮಗಳಲ್ಲಿ ಒಂದು ಸಾಲಿದೆ, ಈಗಿನ ಪುಸ್ತಕದಲ್ಲಿ ಅದು 8.01(ಸಿ): ಇಲ್ಲಿ ನಿರ್ದಿಷ್ಟವಾಗಿ ಹೇಳಿರದ ಯಾವ ವಿಷಯದಲ್ಲೂ ತೀರ್ಪು ಕೊಡುವ ಅಧಿಕಾರ ಪ್ರತಿ ಅಂಪೈರಿಗೂ ಇದೆ. ಕೋಡ್ ಬರೆಯೋರಿಗೆ ಅರ್ಥವಾಗುವಂತೆ ಹೇಳೋದಾದ್ರೆ, ಎಲ್ಲ 'ಇಫ್'ಗಳೂ ಮುಗಿದ ಮೇಲೆ ಉಳಿಯೋ 'ಎಲ್ಸ್'. ಅದರೊಳಗೆ ಏನಿರಬೇಕು ಅನ್ನೋದು ಮಾತ್ರ ಖಾಲಿ.

ಹಾಗಂತ ವಿಚಿತ್ರವಾಗಿ ಕಂಡಿದ್ದಕ್ಕೆಲ್ಲ ಅಂಪೈರ್‌ಗಳು ತಡೆ ಹಾಕಿಲ್ಲ. 1951ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಮಾಲೀಕ ಬಿಲ್ ವೀಕ್, ಮೂರಡಿ ಏಳಿಂಚು ಎತ್ತರದ ಎಡ್ಡಿ ಗೆಡೆಲ್‌ನನ್ನು ಬ್ಯಾಟಿಂಗ್‌ಗೆ ಇಳಿಸಿದ. ಅಂಪೈರ್ ಎಡ್ ಹರ್ಲಿ ಕಾಂಟ್ರ್ಯಾಕ್ಟ್ ತೋರಿಸಿ ಅಂದರು, ತೋರಿಸಿದರು. ಸರಿ, ಆಡು. ಅಷ್ಟು ಕುಳ್ಳನಿಗೆ ಸರಿಯಾಗಿ ಚೆಂಡು ಹಾಕೋದು ಪಿಚ್ಚರ್‌ಗೆ ಆಗಲಿಲ್ಲ. ನಾಲ್ಕು ಬಾಲ್ ತಪ್ಪಿ ಗೆಡೆಲ್ ಮೊದಲ ಬೇಸ್‌ಗೆ ನಡೆದ. ಮರುದಿನ ಲೀಗ್ ಅಧ್ಯಕ್ಷರು ಆ ಕಾಂಟ್ರ್ಯಾಕ್ಟ್ ರದ್ದು ಮಾಡಿದ್ದು ಬೇರೆ ಮಾತು. ನನಗೆ ಹರ್ಲಿ ಮಾಡಿದ್ದೇ ಸರಿ ಅನ್ಸುತ್ತೆ. ಆಲೂಗಡ್ಡೆ ಕೇಸಿನಲ್ಲಿ ಮೋಸವಿತ್ತು. ಇಲ್ಲಿ ಇದ್ದದ್ದು ಬರೀ ತಮಾಷೆ. ಪುಸ್ತಕ ಸುಮ್ಮನಿದೆ ಅಂದರೆ ಬೇಡ ಅಂದ ಹಾಗಲ್ಲವಲ್ಲ.

ಅಂಪೈರೇ ಗೋಜಲು ಮಾಡಿದರೆ? 1959ರ ಜೂನ್ 30, ಶಿಕಾಗೋದ ರಿಗ್ಲಿ ಫೀಲ್ಡ್. ಪಿಚ್ಚರ್ ಎಸೆದ ಚೆಂಡು ಕ್ಯಾಚರ್‌ಗೆ ಸಿಗದೆ ಹಿಂದಕ್ಕೆ ಉರುಳಿತು. ಕ್ಯಾಚರ್ ಅದನ್ನು ಬಿಟ್ಟು ಅಂಪೈರ್ ವಿಕ್ ಡೆಲ್‌ಮೋರ್ ಜೊತೆ ವಾದಕ್ಕೆ ನಿಂತ. ಬ್ಯಾಟರ್ ಸ್ಟಾನ್ ಮ್ಯೂಸಿಯಲ್ ಮೊದಲ ಬೇಸ್ ದಾಟಿ ಎರಡನೆಯದಕ್ಕೆ ಓಡ್ತಿದ್ದಾನೆ. ವಾದದ ಮಧ್ಯೆ ಡೆಲ್‌ಮೋರ್ ಅಭ್ಯಾಸಬಲದಿಂದ ಇನ್ನೊಂದು ಚೆಂಡು ತೆಗೆದು ಕೊಟ್ಟುಬಿಟ್ಟರು! ಈಗ ಮೈದಾನದಲ್ಲಿ ಎರಡು ಚೆಂಡು. ಹೊಸದನ್ನು ಪಿಚ್ಚರ್ ಎರಡನೇ ಬೇಸ್ ಕಡೆ ಎಸೆದ, ಅದು ಔಟ್‌ಫೀಲ್ಡ್‌ಗೆ ಹೋಯ್ತು. ಅದನ್ನು ನೋಡಿ ಮ್ಯೂಸಿಯಲ್ ಮೂರನೇ ಬೇಸ್‌ಗೆ ಹೊರಟ. ಅಷ್ಟರಲ್ಲಿ ಹಳೇ ಚೆಂಡು ಎರ್ನಿ ಬ್ಯಾಂಕ್ಸ್ ಕೈಗೆ ಬಂದಿತ್ತು, ಅವನು ಮುಟ್ಟಿಸಿದ. ಅಂಪೈರ್‌ಗಳೆಲ್ಲ ಗುಂಪುಗೂಡಿ ಮಾತಾಡಿ ಕೊನೆಗೆ ಕೊಟ್ಟ ತೀರ್ಪು: ಅಸಲಿ ಚೆಂಡೇ ಲೆಕ್ಕ, ಮ್ಯೂಸಿಯಲ್ ಔಟ್. ತರ್ಕ ಸರಿಯಾಗೇ ಇದೆ. ಆದ್ರೆ ಅಂಪೈರೇ ಕೊಟ್ಟ ಚೆಂಡನ್ನು ನಂಬಿ ಓಡಿದವನು ಬಲಿಯಾದ! ಮ್ಯೂಸಿಯಲ್‌ನ ಕಾರ್ಡಿನಲ್ಸ್ ತಂಡ ಹೇಗೂ ಆ ಪಂದ್ಯ ಗೆದ್ದಿದ್ದರಿಂದ ಜಗಳ ಮುಂದುವರಿಯಲಿಲ್ಲ.

2008ರ ಜೂನ್‌ನಲ್ಲಿ ಇನ್ನೊಂದು. ಪ್ಯಾಟ್ ವೆಂಡಿಟ್ಟಿ ಎರಡೂ ಕೈಯಲ್ಲಿ ಎಸೆಯೋ ಪಿಚ್ಚರ್. ಎದುರಿಗೆ ಎರಡೂ ಕಡೆಯಿಂದ ಹೊಡೆಯೋ ಬ್ಯಾಟರ್ ರಾಲ್ಫ್ ಹೆನ್ರಿಕೆಜ್. ಇವನು ಗ್ಲೌಸ್ ಬದಲಿಸಿದರೆ ಅವನು ಪಕ್ಕ ಬದಲಿಸ್ತಾನೆ. ಅವನು ಬದಲಿಸಿದರೆ ಇವನು ಮತ್ತೆ. ಒಬ್ಬರ ಲಾಕ್‌ಗೆ ಇನ್ನೊಬ್ಬರು ಕಾಯೋ ಪಕ್ಕಾ ಡೆಡ್‌ಲಾಕ್. ಕೊನೆಗೆ ಅಂಪೈರ್‌ಗಳು ಬ್ಯಾಟರ್‌ಗೇ ಮೊದಲು ಪಕ್ಕ ಆರಿಸ್ಕೋ ಅಂದರು. ಅವನು ಬಲಗಡೆ ನಿಂತು ಔಟಾದ. ಆಮೇಲೆ ಇದಕ್ಕಂತಲೇ ನಿಯಮ ಬಂತು, ಅದೂ ಉಲ್ಟಾ: ಯಾವ ಕೈ ಅಂತ ಮೊದಲು ತೋರಿಸಬೇಕಾದವನು ಪಿಚ್ಚರ್.