ಕಾನೆಯೋಹೆ ಕೊಲ್ಲಿಯ ಹವಳದ ಕಥೆ

ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಓಆಹು ಒಂದು. ಅದರ ಈಶಾನ್ಯ ಕರಾವಳಿಯಲ್ಲಿ ಕಾನೆಯೋಹೆ ಎಂಬ ವಿಶಾಲವಾದ ಕೊಲ್ಲಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪ್ರವಾಸಿಗರು ಇಲ್ಲಿಗೆ ಬರುತ್ತಿದ್ದುದು ಹವಳದ ತೋಟಗಳನ್ನು ನೋಡಲು. ತಳಕ್ಕೆ ಗಾಜು ಹಾಕಿದ ದೋಣಿಗಳಲ್ಲಿ ಕುಳಿತು ಅವರು ಕಡಲ ಅಡಿಯ ಸೊಬಗನ್ನು ಕಣ್ತುಂಬಿಕೊಳ್ಳುತ್ತಿದ್ದರು. 1970ರ ವೇಳೆಗೆ ಅದೇ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಹವಳ ಬಹುಮಟ್ಟಿಗೆ ಅಳಿದುಹೋಗಿತ್ತು, ನೀರು ಹಸಿರುಗಟ್ಟಿತ್ತು. ಅಲ್ಪ ಕಾಲದಲ್ಲಿ ಇಷ್ಟೆಲ್ಲ ಆದದ್ದು ಹೇಗೆ? ಉತ್ತರವನ್ನು ಸಮುದ್ರಕ್ಕಿಂತ ಹೆಚ್ಚಾಗಿ ದಡದ ಮೇಲೆ ಹುಡುಕಬೇಕಾಗುತ್ತದೆ.

ಹವಳವೆಂದರೆ ಆಭರಣದ ಕೆಂಪು ಮಣಿಯಷ್ಟೇ ನೆನಪಾಗುವುದು ಸಹಜ. ಆದರೆ ಹವಳದ ದಿಬ್ಬಗಳನ್ನು ಕಟ್ಟುವುದು ಸಣ್ಣ ಸಣ್ಣ ಜೀವಿಗಳು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಈ ಪಾಚಿ ತಯಾರಿಸುವ ಆಹಾರವೇ ಹವಳದ ಮುಖ್ಯ ಆಧಾರ. ಆದ್ದರಿಂದ ಹವಳಕ್ಕೆ ತಿಳಿನೀರು, ಬೆಳಕು ಎರಡೂ ಬೇಕು. ಮಣ್ಣು ಕದಡಿದರೆ ಬೆಳಕು ತಗ್ಗುತ್ತದೆ. ಮೈಮೇಲೆ ಬಿದ್ದ ಹೂಳನ್ನು ಲೋಳೆ ಸ್ರವಿಸಿ ತೊಳೆದುಕೊಳ್ಳುವುದರಲ್ಲೇ ಹವಳದ ಶಕ್ತಿ ವ್ಯಯವಾಗುತ್ತದೆ. ಮರಿಗಳು ಅಂಟಿಕೊಳ್ಳಲು ಗಟ್ಟಿ ನೆಲವೂ ಸಿಗುವುದಿಲ್ಲ.

ಹವಾಯಿಯ ಮೂಲನಿವಾಸಿಗಳು ಬೆಟ್ಟದ ನೆತ್ತಿಯಿಂದ ಕಡಲಿನವರೆಗಿನ ಪ್ರದೇಶವನ್ನು ಒಂದೇ ಘಟಕವಾಗಿ ಕಾಣುತ್ತಿದ್ದರು. ಇದಕ್ಕೆ ಅಹುಪುಆ ಎಂದು ಹೆಸರು. ಹಳ್ಳದ ನೀರನ್ನು ಕೆಸುವಿನ ಗದ್ದೆಗಳಿಗೆ ಹಾಯಿಸುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಪತ್ರೊಡೆಗೆ ಬಳಸುವ ಕೆಸುವೇ ಅಲ್ಲಿಯವರ ಮುಖ್ಯ ಆಹಾರ. ಗದ್ದೆಯಲ್ಲಿ ಮಣ್ಣು ತಂಗಿ, ನೀರು ತಿಳಿಯಾಗಿ ಮುಂದೆ ಹರಿಯುತ್ತಿತ್ತು. ಕಡಲಂಚಿನಲ್ಲಿ ಕಲ್ಲಿನ ಗೋಡೆ ಕಟ್ಟಿದ ಮೀನಿನ ಕೊಳಗಳಿದ್ದವು. ಹೇಎಯಾ ಎಂಬಲ್ಲಿನ ಅಂಥ ಒಂದು ಕೊಳದ ಗೋಡೆ ಸುಮಾರು ಎರಡು ಕಿಲೋಮೀಟರ್ ಉದ್ದವಿದೆ.

1910ರ ದಶಕದಲ್ಲಿ ಇಳಿಜಾರುಗಳಲ್ಲಿ ಅನಾನಸ್ ಕೃಷಿ ಹಬ್ಬಿತು. ಬಯಲಾದ ಮಣ್ಣು ಮಳೆಯೊಡನೆ ಕೊಲ್ಲಿ ಸೇರಿತು. 1930ರ ದಶಕದ ಕೊನೆಯಲ್ಲಿ ನೌಕಾಪಡೆಯ ವಿಮಾನ ನೆಲೆಗಾಗಿ ಹವಳದ ದಿಬ್ಬಗಳನ್ನೇ ಅಗೆಯುವ ಕೆಲಸ ಆರಂಭವಾಯಿತು. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಜೊತೆಗೆ ದಾಳಿ ಮಾಡಿದ ನೆಲೆ ಇದೇ. 1950ರವರೆಗೆ ಅಗೆದು ತೆಗೆದದ್ದು ಒಂದು ಕೋಟಿ ಘನ ಮೀಟರಿಗೂ ಅಧಿಕ.

ಯುದ್ಧಾನಂತರ ಬೆಟ್ಟ ಕೊರೆದು ಹೊನೊಲುಲುವಿನಿಂದ ಸುರಂಗ ರಸ್ತೆಗಳು ಬಂದವು. ಕಾನೆಯೋಹೆ ಬಡಾವಣೆಗಳ ಊರಾಯಿತು. ಊರಿನ ಮತ್ತು ಸೇನಾ ನೆಲೆಯ ಚರಂಡಿ ನೀರು ಕೊಲ್ಲಿಗೇ ಬಂದು ಬೀಳತೊಡಗಿತು. ಈ ನೀರಿನಲ್ಲಿ ಸಾರಜನಕ, ರಂಜಕಗಳು ಹೇರಳ. ಹೊಲಕ್ಕೆ ಗೊಬ್ಬರವಾಗುವ ಇವು ಹವಳದ ಪಾಲಿಗೆ ಮಾರಕವಾದವು. ತೇಲುವ ಸೂಕ್ಷ್ಮ ಸಸ್ಯಗಳು ಮಿತಿಮೀರಿ ಬೆಳೆದು ನೀರನ್ನು ಮಬ್ಬಾಗಿಸಿದವು. ಗುಳ್ಳೆಗಳ ಗೊಂಚಲಿನಂತಿರುವ ಡಿಕ್ಟಿಯೋಸ್ಫೇರಿಯ ಎಂಬ ಹಸಿರು ಪಾಚಿ ಹವಳದ ಮೇಲೆ ಹೊದಿಕೆಯಂತೆ ಹಬ್ಬಿ ಉಸಿರುಗಟ್ಟಿಸಿತು.

1965ರ ಮೇ ತಿಂಗಳಲ್ಲಿ ಭಾರೀ ಮಳೆಯಾಯಿತು. ಹೇಎಯಾ ಕೊಳದ ಗೋಡೆ ಒಡೆಯಿತು. ಕೊಲ್ಲಿಯ ಮೇಲ್ಪದರವನ್ನು ಸಿಹಿನೀರು ಆವರಿಸಿ, ಉಪ್ಪಿನಂಶ ತಗ್ಗಿ, ಆಳವಿಲ್ಲದೆಡೆಯ ಹವಳ ಸತ್ತಿತು. ಚರಂಡಿ ನೀರು ಸೇರುತ್ತಿದ್ದ ದಕ್ಷಿಣ ಭಾಗದಲ್ಲಿ ಅದು ಮತ್ತೆ ಚಿಗುರಲೇ ಇಲ್ಲ.

ಕೊಲ್ಲಿಯೊಳಗಿನ ಕೊಕೊನಟ್ ದ್ವೀಪದಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಾಗರ ಸಂಶೋಧನಾ ಕೇಂದ್ರವಿದೆ. ಹೀಗಾಗಿ ಈ ಅವನತಿ ವಿಜ್ಞಾನಿಗಳ ಕಣ್ಣೆದುರೇ ನಡೆಯಿತು. ಕೊನೆಗೆ 1977-78ರಲ್ಲಿ ಚರಂಡಿ ನೀರನ್ನು ಕೊಳವೆಯ ಮೂಲಕ ಹೊರಗಿನ ಆಳ ಸಮುದ್ರಕ್ಕೆ ತಿರುಗಿಸಲಾಯಿತು. ನೀರು ಬೇಗನೆ ತಿಳಿಯಾಯಿತು. 1983ರ ಸಮೀಕ್ಷೆಯ ವೇಳೆಗೆ ಹವಳದ ಪ್ರಮಾಣ 1970-71ರಲ್ಲಿದ್ದುದರ ಸುಮಾರು ಇಮ್ಮಡಿಯಾಗಿತ್ತು.

ನಿಜವಾದ ಪರೀಕ್ಷೆ ಎದುರಾದದ್ದು 1987ರ ಡಿಸೆಂಬರ್ 31ರ ರಾತ್ರಿ. ಮತ್ತೆ ಅಂಥದೇ ಮಳೆ, ಅಂಥದೇ ನೆರೆ. ಮತ್ತೆ ಹವಳ ಸತ್ತಿತು. ಆದರೆ ಈ ಬಾರಿ ಕೆಲವೇ ವರ್ಷಗಳಲ್ಲಿ ಅದು ಚೇತರಿಸಿಕೊಂಡಿತು. ಎರಡು ನೆರೆಗಳ ನಡುವಿನ ಮುಖ್ಯ ವ್ಯತ್ಯಾಸ ಚರಂಡಿ ನೀರು. ಪ್ರಕೃತಿಯ ಏಟನ್ನು ಹವಳ ತಾಳಿಕೊಳ್ಳಬಲ್ಲದು; ಅದರ ಜೊತೆಗೆ ಮನುಷ್ಯನ ದಿನನಿತ್ಯದ ಏಟೂ ಸೇರಿದರೆ ತಾಳಲಾರದು ಎಂಬುದನ್ನು ಈ ಘಟನೆ ಮನಗಾಣಿಸಿತು.

ಹಾಗೆಂದು ಎಲ್ಲವೂ ಸರಿಹೋಯಿತೆಂದಲ್ಲ. 1990ರ ಸಮೀಕ್ಷೆಯಲ್ಲಿ ಚೇತರಿಕೆ ನಿಧಾನವಾದದ್ದು ಕಂಡುಬಂತು. 1974ರಲ್ಲಿ ಕೃಷಿಗೆಂದು ಹೊರಗಿನಿಂದ ತಂದ ಕಪ್ಪಾಫೈಕಸ್ ಎಂಬ ಕಡಲಕಳೆ ಹೊಸ ಪಿಡುಗಾಯಿತು. ಗುಳ್ಳೆ ಪಾಚಿ ಬಹುತೇಕ ಕಣ್ಮರೆಯಾದದ್ದು 2006ರಲ್ಲಿ, ವಾರಗಟ್ಟಲೆ ಸುರಿದ ಮಳೆ ಮೋಡಗಳು ಬೆಳಕನ್ನು ತಡೆದಾಗ. ಹವಳವನ್ನು ಕತ್ತಲಲ್ಲಿಟ್ಟಿದ್ದ ಪಾಚಿ ತಾನೇ ಕತ್ತಲಿಗೆ ಬಲಿಯಾದದ್ದು ವಿಪರ್ಯಾಸ.

1965ರಲ್ಲಿ ಒಡೆದ ಹೇಎಯಾ ಗೋಡೆಯ ಬಿರುಕನ್ನು ಸ್ಥಳೀಯರು 2015ರಲ್ಲಿ ಮುಚ್ಚಿದರು. ಅದರ ಮೇಲ್ಭಾಗದ ಕಣಿವೆಯಲ್ಲಿ ಮತ್ತೆ ಕೆಸುವಿನ ಗದ್ದೆಗಳು ಏಳುತ್ತಿವೆ. ಕಡಲನ್ನು ಉಳಿಸುವ ಕೆಲಸ ಗದ್ದೆಯ ಬದುವಿನಿಂದ ಶುರುವಾಗಬೇಕೆಂಬುದು ಹಿರಿಯರಿಗೆ ಗೊತ್ತಿತ್ತು. ಆ ತಿಳಿವನ್ನು ಮರಳಿ ಪಡೆಯಲು ಒಂದು ಕೊಲ್ಲಿಯ ಹವಳ ಬೆಲೆ ತೆರಬೇಕಾಯಿತು.