ಬೇಟೆಯ ಮಾಂಸ ಮತ್ತು ಬಡವರ ಊಟ

ಮಾಯಕೊಂಡವೆಂದರೆ ನಮಗೆ 1748ರ ಯುದ್ಧದ ನೆನಪು. ಅಲ್ಲಿ ಮಡಿದ ಚಿತ್ರದುರ್ಗದ ಮದಕರಿ ನಾಯಕ ಬೇಡ ಕುಲದ ದೊರೆ; ಅವನ ಪರವಾಗಿ ಕಾದಿ ಸೆರೆಸಿಕ್ಕವನು ಚಂದಾಸಾಹೇಬ. ಬೇಡನೆಂದರೆ ಬೇಟೆಗಾರನೆಂದೇ ಅರ್ಥ. ಈ ನಾಡಿಗೆ ಬೇಟೆಯ ಮಾಂಸ ಹೊಸತಲ್ಲ. ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲೂ ಅದರ ಅಡುಗೆಯಿದೆ. ಅಲ್ಲಾಹನ ಹೆಸರು ಹೇಳಿ ಬೇಟೆಯಾಡಿದ ಜಿಂಕೆ ನಮಗೂ ಹಲಾಲ್.

1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿತು. ಕಾಡು ಉಳಿಯಲು ಅದು ಅಗತ್ಯವಿತ್ತು. 1964ರ ಕಾಯ್ದೆಯಡಿ ಹನ್ನೆರಡು ವರ್ಷ ದಾಟಿದ ಎತ್ತು, ಎಮ್ಮೆಗಳ ವಧೆಗೆ ಅನುಮತಿಯಿತ್ತು. 2020ರ ಕಾಯ್ದೆ ಅದನ್ನು ಹದಿಮೂರು ದಾಟಿದ ಎಮ್ಮೆ-ಕೋಣಗಳಿಗಷ್ಟೇ ಸೀಮಿತಗೊಳಿಸಿತು.

ದನದ ಮಾಂಸಕ್ಕೆ ಬದಲು ಕಾಂಗರೂ ತಿನ್ನಬಹುದೆಂಬ ಮಾತು ಆಸ್ಟ್ರೇಲಿಯಾಕ್ಕೆ ಒಪ್ಪುತ್ತದೆ. ಅಲ್ಲಿ ಸರ್ಕಾರವೇ ಮಿತಿ ಗೊತ್ತುಮಾಡಿ ಬೇಟೆಗೆ ಪರವಾನಗಿ ಕೊಡುತ್ತದೆ. ಇಲ್ಲಿ ಕಾಡಿನ ಬೇಟೆಯೂ ಇಲ್ಲ, ಎತ್ತಿನ ಮಾಂಸವೂ ಇಲ್ಲ. ಕುರಿಮಾಂಸ ಕೂಲಿಯವರಿಗೆ ಎಟುಕದು. ಬದಲಿ ಆಹಾರ ಸೂಚಿಸುವವರು ಮೊದಲು ಅವರ ದಿನಗೂಲಿಯ ಲೆಕ್ಕ ಹಾಕಲಿ.