ಕೆಂಪಾದ ಉಪ್ಪುಮೀನು, ಅಪ್ಪನ ಮಾತ್ರೆ ಡಬ್ಬಿ

ಇವತ್ತಿನ ಮಾತು ಶುರುವಾಗೋದು ನಾರಾಯಣಗೂಡದ ಒಂದು ಮೆಡಿಕಲ್ ಶಾಪಿನಲ್ಲಿ. ಊರಿಗೆ ಹೊರಡೋ ಮುಂಚೆ ಪ್ರತಿ ಸಲ ಅಲ್ಲಿ ಅಪ್ಪನಿಗೆ ಒಂದು ಡಬ್ಬಿ ಆಂಟಿಆಕ್ಸಿಡೆಂಟ್ ಮಾತ್ರೆ ಕೊಳ್ಳುತ್ತಿದ್ದೆ. ಸಮುದ್ರದಿಂದ ಬಂದ ನೈಸರ್ಗಿಕ ಸತ್ವ ಅಂತ ಅದರ ಮೇಲೆ ಬರೆದಿತ್ತು. ದೂರ ಇರೋ ಮಕ್ಕಳು ನಾವು, ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಬೇಕಲ್ಲ! ಕಳೆದ ಬಾರಿ ಕುಮಟಾಕ್ಕೆ ಹೋದಾಗ ಅಪ್ಪ ಕೇಳಿದರು: “ತಮ್ಮಾ, ಇದು ತಗೊಂಡ್ರೆ ಬೀಡಿ ಬಿಡೋದು ಬೇಡ ಅಲ್ವಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಹೈದರಾಬಾದಿಗೆ ವಾಪಸ್ ಬಂದು ಓದೋಕೆ ಕೂತೆ.

ಓದ್ತಾ ಹೋದ ಹಾಗೆ ನೆನಪಾಗಿದ್ದು ಅಜ್ಜಿಯ ಒಣಮೀನು. ಮಳೆಗಾಲಕ್ಕೆ ಅಂತ ಉಪ್ಪು ಹಾಕಿ ಒಣಗಿಸಿಟ್ಟ ಬಂಗಡೆ ಕೆಲವೊಮ್ಮೆ ಕೆಂಪಗಾಗುತ್ತಿತ್ತು. ಅಜ್ಜಿ ಅದನ್ನು ಎಸೆದು, “ಮೀನಿಂದಲ್ಲ, ಉಪ್ಪಿಂದೇ ದೋಷ” ಅನ್ನುತ್ತಿದ್ದಳು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನು ಗದ್ದೆಗೆ ಬಿಟ್ಟು, ಬಿಸಿಲಿಗೆ ಆರಿಸಿ ತೆಗೆಯೋ ಉಪ್ಪು ಗೊತ್ತಲ್ಲ, ಅಂಥದ್ದು.

ಅಜ್ಜಿಯ ಮಾತು ಸರಿಯಾಗಿಯೇ ಇತ್ತು. ಅಮೆರಿಕದಲ್ಲಿ ಉಪ್ಪು ಹಾಕಿದ ಕಾಡ್ ಮೀನು ಬೇಸಿಗೆಯಲ್ಲಿ ಕೆಂಪಾಗಿ ವ್ಯಾಪಾರಿಗಳು ನಷ್ಟಪಡುತ್ತಿದ್ದರು. ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ವಿಲಿಯಂ ಫಾರ್ಲೋ ಇದನ್ನು ಪರಿಶೀಲಿಸಿ, 1880ರ ವರದಿಯಲ್ಲಿ ಈ ಕೆಂಪು ಒಂದು ಸೂಕ್ಷ್ಮಜೀವಿಯದ್ದು, ಅದು ಬಂದದ್ದು ಸಮುದ್ರದ ಉಪ್ಪಿನ ಜೊತೆಗೆ ಅಂತ ಬರೆದರು. ಉಪ್ಪಿನಲ್ಲೇ ಬದುಕೋ ಈ ಜೀವಿಗಳಲ್ಲಿ ಮುಖ್ಯವಾದದ್ದಕ್ಕೆ ಆಮೇಲೆ ಹ್ಯಾಲೊಬ್ಯಾಕ್ಟೀರಿಯಂ ಅಂತ ಹೆಸರಾಯಿತು. ಹೆಸರಲ್ಲಿ ಬ್ಯಾಕ್ಟೀರಿಯಾ ಇದ್ದರೂ ಇವತ್ತು ಅದನ್ನು ಆರ್ಕಿಯಾ ಅನ್ನೋ ಬೇರೆ ಗುಂಪಿಗೆ ಸೇರಿಸುತ್ತಾರೆ.

ಸರಿ, ಆ ಬಣ್ಣ ಯಾಕೆ? ಉತ್ತರದ ಮೊದಲ ತುಂಡು ಸಿಕ್ಕಿದ್ದು 1955ರಲ್ಲಿ, ಬರ್ಕ್‌ಲಿಯಲ್ಲಿ. ರೋಜರ್ ಸ್ಟೇನಿಯರ್ ಮತ್ತು ಜೊತೆಗಾರರು ಬೆಳಕಿನಿಂದ ಆಹಾರ ಮಾಡಿಕೊಳ್ಳೋ ಒಂದು ಬ್ಯಾಕ್ಟೀರಿಯಾ ತಗೊಂಡರು. ಅದರ ಒಂದು ರೂಪಾಂತರಿಗೆ ಕ್ಯಾರೊಟಿನಾಯ್ಡ್ ಅನ್ನೋ ಬಣ್ಣ ಇರಲಿಲ್ಲ. ಬರೀ ಬೆಳಕಲ್ಲಿ ಅದು ಚೆನ್ನಾಗಿ ಬೆಳೆಯಿತು. ಬೆಳಕಿನ ಜೊತೆ ಗಾಳಿಯನ್ನೂ ಬಿಟ್ಟರೆ ಸತ್ತೇ ಹೋಯಿತು. ಬಣ್ಣ ಇದ್ದದ್ದು ಬದುಕಿತು. ಬೆಳಕು ಮತ್ತು ಆಮ್ಲಜನಕ ಸೇರಿದಾಗ ಜೀವಕೋಶದೊಳಗೆ ಉಗ್ರ ರೂಪದ ಆಮ್ಲಜನಕ ಹುಟ್ಟುತ್ತೆ. ಕ್ಯಾರೊಟಿನಾಯ್ಡ್ ಆ ಶಕ್ತಿಯನ್ನು ತಾನು ಹೀರಿಕೊಂಡು ಶಾಖವಾಗಿ ಬಿಟ್ಟುಬಿಡುತ್ತೆ. ನಾವು ಆಂಟಿಆಕ್ಸಿಡೆಂಟ್ ಅನ್ನೋದು ಇಂಥ ಕೆಲಸಕ್ಕೇ.

1962ರಲ್ಲಿ ನಾರ್ವೆಯ ಡುಂಡಾಸ್ ಮತ್ತು ಲಾರ್ಸೆನ್ ಉಪ್ಪಿನ ಜೀವಿಯಲ್ಲೂ ಇದನ್ನೇ ತೋರಿಸಿದರು: ಜೋರು ಬೆಳಕಿನಲ್ಲಿ ಕೆಂಪು ತಳಿ ಉಳಿಯಿತು, ಬಣ್ಣಗೆಟ್ಟದ್ದು ಸೋತಿತು. ಉಪ್ಪಿನ ಗದ್ದೆಯ ಬಿಸಿಲಲ್ಲಿ ಆ ಕೆಂಪೇ ಅದರ ಕೊಡೆ.

1995ರಲ್ಲಿ ಜಪಾನಿನ ನೊರಿಹಿಕೊ ಮಿಸಾವಾ ತಂಡ ಒಂದು ಸಮುದ್ರ ಬ್ಯಾಕ್ಟೀರಿಯಾದಿಂದ ಆಸ್ಟಾಕ್ಸಾಂಥಿನ್ ಅನ್ನೋ ಕೆಂಪು ಬಣ್ಣ ತಯಾರಿಸೋ ಜೀನ್‌ಗಳ ಗುಂಪನ್ನು ಬಿಡಿಸಿ ಓದಿತು. ಆ ಬ್ಯಾಕ್ಟೀರಿಯಾ ಮೊದಲು ಬೀಟಾ ಕ್ಯಾರೊಟಿನ್ ಮಾಡಿಕೊಂಡು, ಆಮೇಲೆ ಅದನ್ನು ಆಸ್ಟಾಕ್ಸಾಂಥಿನ್ ಆಗಿ ಬದಲಿಸುತ್ತೆ. ಕೋಡ್ ಬರೆಯೋ ನಮಗೆ ಇದು ಓದೋಕೆ ಬಲು ಖುಷಿ.

ಆದರೆ ಬ್ಯಾಕ್ಟೀರಿಯಾಕ್ಕೆ ಕೊಡೆಯಾದದ್ದು ನಮಗೂ ಕೊಡೆಯಾಗುತ್ತಾ? “ನನ್ನ ಮಷಿನ್‌ನಲ್ಲಿ ಓಡ್ತಿದೆಯಲ್ಲ” ಅಂತ ಪ್ರೊಡಕ್ಷನ್‌ಗೆ ಬಿಟ್ಟು ಬೈಸಿಕೊಂಡವರು ನಾವು. ಇಲ್ಲೂ ಅದೇ ಕಥೆ ಆಗಿದೆ. ಫಿನ್ಲೆಂಡಿನಲ್ಲಿ 50ರಿಂದ 69 ವಯಸ್ಸಿನ 29,133 ಗಂಡಸರ ಮೇಲೆ, ಎಲ್ಲರೂ ಧೂಮಪಾನಿಗಳೇ, ಒಂದು ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂತು: ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ. 18 ಹೆಚ್ಚಾಯಿತು. ಅಮೆರಿಕದಲ್ಲಿ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೊಟ್ಟು ನಡೆಸುತ್ತಿದ್ದ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಅಲ್ಲೂ ಕ್ಯಾನ್ಸರ್ ಹೆಚ್ಚಾಗಿತ್ತು.

ಇದು ಕ್ಯಾರೆಟ್ಟು, ಸೊಪ್ಪಿನ ಮಾತಲ್ಲ, ದೊಡ್ಡ ಪ್ರಮಾಣದ ಮಾತ್ರೆಯ ಮಾತು. ಆಸ್ಟಾಕ್ಸಾಂಥಿನ್ ಬೇರೆ ವಸ್ತು, ಅದೂ ಹೀಗೇ ಮಾಡುತ್ತೆ ಅಂತ ನಾನು ಹೇಳ್ತಿಲ್ಲ. ಇಷ್ಟು ಓದಿದ ಮೇಲೆ ಅಮ್ಮನಿಗೆ ಫೋನ್ ಮಾಡಿ, ಡಬ್ಬಿಯ ಹಿಂಬದಿಯ ಫೋಟೋ ಕಳಿಸು ಅಂದೆ. ಸಣ್ಣ ಅಕ್ಷರದಲ್ಲಿ ಎರಡನೇ ಹೆಸರೇ ಬೀಟಾ ಕ್ಯಾರೊಟಿನ್. ಮೂವತ್ತು ವರ್ಷದಿಂದ ಬೀಡಿ ಸೇದೋ ಅಪ್ಪನಿಗೆ ಅದನ್ನು ಪ್ರೀತಿಯಿಂದ ಹೊತ್ತುಕೊಂಡು ಹೋಗಿ ಕೊಟ್ಟವನು ನಾನೇ.

ನೀವೂ ಊರಿಗೆ ಇಂಥದ್ದು ಒಯ್ಯುತ್ತಿದ್ದರೆ ಮೊದಲು ಡಬ್ಬಿಯ ಹಿಂಬದಿ ಓದಿ, ಮನೆಯಲ್ಲಿ ಸೇದುವವರಿದ್ದರೆ ಡಾಕ್ಟರನ್ನು ಕೇಳಿ. ಅಪ್ಪನಿಗೆ ಈಗ ಉತ್ತರ ಹೇಳಿದ್ದೇನೆ: ಮಾತ್ರೆ ಬಿಡಿ, ಬೀಡಿಯನ್ನೂ ಬಿಡಿ. ಮಾತ್ರೆ ಆವತ್ತೇ ನಿಂತಿತು. ಬೀಡಿ ದಿನಕ್ಕೆ ನಾಲ್ಕಕ್ಕೆ ಇಳಿದಿದೆ ಅಂತಾರೆ ಅಪ್ಪ. ಆರು ಅಂತಾಳೆ ಅಮ್ಮ.

ಮುಂದಿನ ಮಾತಿನಲ್ಲಿ ಸಿಗೋಣ.